ಮಳೆಗಾಲದಲ್ಲಿ ಸೋಪಿಗೆ ಎಲೆ ಒಣಗಿಸೋದು ಹೇಗೆ? ಬಲ್ಲವರು ಹೇಳಿ

ಪ್ರಶ್ನೆ, ಹೊಸನಗರ ಕಡೆಯಿಂದ:
ಹಿತ್ತಲಿನ ತುಳಸಿ, ಬೇವು, ಮಜ್ಜಿಗೆಹುಲ್ಲು, ದಾಸವಾಳದ ಎಲೆ ಒಣಗಿಸಿ, ಪುಡಿ ಮಾಡಿ ತೆಂಗಿನೆಣ್ಣೆ ಸೋಪಿಗೆ ಹಾಕಿದ್ದು. ಜುಲೈಯಲ್ಲಿ ಮಾಡಿದ ಸೋಪಿಗೆ ತಿಂಗಳೊಳಗೆ ಕಂದು ಚುಕ್ಕೆ, ಮುಗ್ಗಲು ವಾಸನೆ. ಎಲೆ ನಾಲ್ಕು ದಿನ ನೆರಳಲ್ಲಿ ಒಣಗಿತ್ತು. ಎಲ್ಲಿ ತಪ್ಪಿತು?

ತೀರ್ಥಹಳ್ಳಿ:
ದಿನದ ಲೆಕ್ಕ ಬಿಡಿ. ಜುಲೈಯಲ್ಲಿ ಗಾಳಿಯೇ ಒದ್ದೆ. ಎಲೆ ಒಂದು ಹಂತಕ್ಕೆ ಬಾಡಿ ಅಲ್ಲೇ ನಿಲ್ಲುತ್ತೆ, ಹದಿನಾಲ್ಕು ದಿನ ಇಟ್ಟರೂ ಅಷ್ಟೇ. ತೊಟ್ಟು ಮುರಿದು ನೋಡಿ: ಬಾಗಿದರೆ ಹಸಿ, ಚಟ್ಟಂತ ಮುರಿದರೆ ಆಯ್ತು. ತುಳಸಿಯನ್ನ ಕಡ್ಡಿ ಸಮೇತ ಕಟ್ಟಿ ನೇತುಹಾಕಿದರೆ ಎಲೆ ಗರಿಗರಿ ಆದಮೇಲೂ ಕಡ್ಡಿ ಒಳಗೆ ಹಸಿ ಉಳಿದಿರುತ್ತೆ, ಹಾಗಾಗಿ ಎಲೆ ಬಿಡಿಸಿಯೇ ಹರಡಿ.

ಆಮೇಲೆ ಬಾಟಲಿ ಪರೀಕ್ಷೆ. ಒಣಗಿದ ಎಲೆಯನ್ನ ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ, ಬಿಗಿಯಾಗಿ ಮುಚ್ಚಿ ಒಂದು ದಿನ ಇಡಿ. ಗಾಜಿನ ಒಳಗೆ ಹಬೆ ಕಟ್ಟಿದ್ದರೆ, ಇಲ್ಲಾ ಎಲೆ ಮತ್ತೆ ಮೆತ್ತಗಾಗಿದ್ದರೆ ವಾಪಸ್ ಒಣಗಿಸಿ. ತಕ್ಕಡಿ ಇದ್ದರೆ ಇನ್ನೂ ಸಲೀಸು: 1 ಕೆಜಿ ಹಸಿ ತುಳಸಿ ಎಲೆ 200 ಗ್ರಾಂ ಆಸುಪಾಸಿಗೆ ಇಳಿಯಬೇಕು. 350ಕ್ಕೇ ನಿಂತಿದ್ದರೆ ನೀರು ಒಳಗೇ ಇದೆ.

ಸಾಗರ:
ಎಲ್ಲಿ ಒಣಗಿಸ್ತೀರಿ ಅನ್ನೋದೂ ಮುಖ್ಯ ಮಾರಾಯ್ರೆ. ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಬೇಗ ಒಣಗುತ್ತೆ ನಿಜ, ಆದರೆ ಹೊಗೆ ವಾಸನೆ ಹಿಡಿದು ಇಲ್ಲಣದ ಪುಡಿಯೂ ಬೀಳುತ್ತೆ. ಅಡಿಕೆ ಡ್ರೈಯರಿನ ಶಾಖ ಎಲೆಗೆ ಜಾಸ್ತಿ. ತುಳಸಿ, ಮಜ್ಜಿಗೆಹುಲ್ಲು 40 ಡಿಗ್ರಿ ದಾಟಬಾರದು, ಬೇವಿನೆಲೆ 50ರವರೆಗೂ ತಡೆಯುತ್ತೆ.

ಹಳೇ ಮರದ ಪೆಟ್ಟಿಗೆ ಸಾಕು. ತಳದಲ್ಲಿ 60 ವ್ಯಾಟಿನ ತಂತಿ ಬಲ್ಬು (ಎಲ್‌ಇಡಿ ಆಗಲ್ಲ, ಬಿಸಿಯೇ ಬರಲ್ಲ), ಅದರಿಂದ ಒಂದಡಿ ಮೇಲೆ ಸೊಳ್ಳೆಪರದೆಯ ನೈಲಾನ್ ಬಲೆ ಬಿಗಿದ ಚೌಕಟ್ಟು. ಕೆಳಗೆ ಎರಡು ತೂತು, ಮುಚ್ಚಳದ ಹತ್ತಿರ ಎರಡು. ಬಿಸಿಗಾಳಿ ಹೊರಗೆ ಹೋಗದಿದ್ದರೆ ಎಲೆ ಒಣಗಲ್ಲ, ಬೇಯುತ್ತೆ, ಕಪ್ಪಾಗುತ್ತೆ. ಬಲೆ ಮಟ್ಟದಲ್ಲಿ ಥರ್ಮಾಮೀಟರ್ ಇಡಿ. ಎಲೆ ಒಂದೇ ಪದರ. ಮಜ್ಜಿಗೆಹುಲ್ಲನ್ನ ಇಂಚುದ್ದ ಕತ್ತರಿಸಿ. ದಾಸವಾಳದ್ದು ಲೋಳೆ ಎಲೆ, ಒಂದಕ್ಕೊಂದು ತಾಗಿದರೆ ಅಂಟಿಕೊಂಡು ಮಧ್ಯೆ ಕೊಳೆಯುತ್ತೆ. ಅದನ್ನ ಬೇರೆಯಾಗಿಯೇ ಹಾಕಿ.

ಶಿವಮೊಗ್ಗ:
ಸೋಪಿನ ಕಡೆಯಿಂದ ಒಂದು ಮಾತು. ಚುಕ್ಕೆ ಎಲ್ಲಾ ಬೂಸ್ಟಲ್ಲ. ಎಲೆ ಚೂರಿನ ಸುತ್ತ ಚಹಾ ಚೆಲ್ಲಿದಂತೆ ಕಂದು ಹರಡಿದ್ದರೆ ಅದು ಸೋಪಿಗೆ ಎಣ್ಣೆ ಜೊತೆ ಹಾಕೋ ಕಾಸ್ಟಿಕ್ ಸೋಡದ ಕ್ಷಾರ ಎಲೆ ಬಣ್ಣ ಎಳೆದದ್ದು. ಕಿತ್ತಳೆ ಚುಕ್ಕೆ ಮತ್ತು ಹಳೇ ಎಣ್ಣೆಯ ವಾಸನೆ ಬಂದರೆ ಎಣ್ಣೆ ಕಮಟಿದೆ. ತೆಂಗಿನೆಣ್ಣೆ ಅಷ್ಟು ಬೇಗ ಕಮಟಲ್ಲ, ಸೂರ್ಯಕಾಂತಿ ಎಣ್ಣೆ ಬೆರೆಸಿದ್ದರೆ ಅದರ ಮೇಲೆ ಅನುಮಾನ ಇಡಿ. ನಿಮ್ಮದು ಮುಗ್ಗಲು ವಾಸನೆ ಅಂದರೆ ಪುಡಿ ಮೊದಲೇ ಮುಗ್ಗಿದ್ದಿರಬೇಕು. ಉಳಿದ ಪುಡಿ ಡಬ್ಬಿ ತೆಗೆದು ಮೂಸಿ ನೋಡಿ.

ಅಳತೆ: 500 ಗ್ರಾಂ ಎಣ್ಣೆಗೆ 1 ಟೀ ಚಮಚ ಪುಡಿ. ಪುಡಿ ವಸ್ತ್ರಗಾಳಿತ ಆಗಿರಲಿ, ಇಲ್ಲದಿದ್ದರೆ ಮೈ ಗೀರುತ್ತೆ. ಅದೇ ಎಣ್ಣೆಯಲ್ಲಿ ಎರಡು ಚಮಚ ತೆಗೆದಿಟ್ಟು, ಅದರಲ್ಲಿ ಪುಡಿ ಕಲಸಿ, ಎಣ್ಣೆ-ಕಾಸ್ಟಿಕ್ ಸೋಡದ ಮಿಶ್ರಣ ತೆಳು ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಸೇರಿಸಿ. ನೇರ ಹಾಕಿದರೆ ಗಂಟು.

ಹಸಿರು ಉಳಿಯುತ್ತೆ, ತುಳಸಿ ಘಮ ಬರುತ್ತೆ ಅಂತ ಮಾತ್ರ ಕಾಯಬೇಡಿ. ಎಷ್ಟು ಚೆನ್ನಾಗಿ ಒಣಗಿದ ಎಲೆಯಾದರೂ ಕ್ಷಾರದಲ್ಲಿ ಕಂದಾಗುತ್ತೆ. ಬಣ್ಣ ನಿಲ್ಲೋದು ಕ್ಯಾಲೆಂಡುಲಾ ಎಸಳಿನದು, ಅದು ನಮ್ಮ ಚೆಂಡುಹೂವಲ್ಲ, ಬೇರೆ ಗಿಡ.

ತೀರ್ಥಹಳ್ಳಿ, ಮತ್ತೆ:
ಪೆಟ್ಟಿಗೆ ಎಲ್ಲಾ ಸರಿ, ಆದರೆ ಆಷಾಢದಲ್ಲಿ ಎಲೆ ಕೊಯ್ಯೋದೇ ಯಾಕೆ? ಜನವರಿಯಿಂದ ಮಾರ್ಚ್ ಒಳಗೆ, ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಕೊಯ್ದು ಜಗಲಿಯ ನೆರಳಲ್ಲಿ ಹರಡಿದರೆ ವಾರದೊಳಗೆ ಆಗುತ್ತೆ. ಬಿಸಿಲಿಗೆ ಹಾಕಿದರೆ ಬೆಳ್ಳಗಾಗುತ್ತೆ. ಪುಡಿ ಮಾಡಿ ಇಡಬೇಡಿ, ಪುಡಿ ಬೇಗ ತೇವ ಎಳೆಯುತ್ತೆ. ಇಡೀ ಎಲೆಯನ್ನ ಸಣ್ಣ ಸಣ್ಣ ಬಾಟಲಿಗೆ ತುಂಬಿ, ಒಂದು ಸಲಕ್ಕೆ ಒಂದೇ ಬಾಟಲಿ ತೆಗೆಯಿರಿ. ಮಳೆಗಾಲದಲ್ಲಿ ದೊಡ್ಡ ಡಬ್ಬಿ ಹತ್ತು ಸಲ ತೆಗೆದು ಮುಚ್ಚಿದರೆ ಒಣಗಿಸಿದ್ದೆಲ್ಲ ದಂಡ.

ದೊಡ್ಡಪತ್ರೆ ಒಣಗಿಸೋ ಸಾಹಸ ಬೇಡ. ರಸದ ಎಲೆ, ಒಣಗೋ ಮೊದಲೇ ಕಪ್ಪಾಗುತ್ತೆ.

ಪ್ರಶ್ನೆ ಕೇಳಿದವರು:
ಪುಡಿ ಮೂಸಿದೆ, ಮುಗ್ಗಿದೆ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸರಿ ಹೋಗುತ್ತಾ?

ಸಾಗರ:
ಇಲ್ಲ. ತೇವ ಹೋಗುತ್ತೆ, ವಾಸನೆ ಹೋಗಲ್ಲ. ಗೊಬ್ಬರದ ಗುಂಡಿಗೆ ಹಾಕಿ.