ತಮ್ಮನಿಗೆ ಗಾಂಜಾ ಚಟ, ಈಗ ಏನೇನೋ ಕೇಳಿಸುತ್ತೆ ಅಂತಾನೆ: ಅನುಭವ ಇದ್ದವರು ಹೇಳಿ

ಹಾಸನದ ಅಕ್ಕ ಕೇಳಿದ್ದು

ತಮ್ಮನಿಗೆ 20 ವರ್ಷ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾ ಪಿಜಿಯಲ್ಲಿದ್ದ. ಪಿಯುಸಿಯಿಂದಲೇ ಗಾಂಜಾ ಸೇದುತ್ತಿದ್ದನಂತೆ, ನಮಗೆ ಗೊತ್ತಾಗಿದ್ದು ಈಗ. ಮೂರು ತಿಂಗಳಿಂದ ನಿದ್ದೆ ಕೆಟ್ಟಿದೆ. ರೂಮ್‌ಮೇಟ್ ಫೋನಿಟ್ಟು ತನ್ನ ಮಾತು ರೆಕಾರ್ಡ್ ಮಾಡ್ತಾನೆ ಅಂತ ಜಗಳ ಆಡಿ ಬಂದಿದ್ದಾನೆ. ಮನೆಗೆ ಬಂದು ಹತ್ತು ದಿನ ಆಯ್ತು. ಫ್ಯಾನ್ ಸದ್ದಿನಲ್ಲೂ ಯಾರೋ ಬೈತಾರಂತೆ, ಸೆಖೆಯಲ್ಲೂ ಫ್ಯಾನ್ ಹಾಕೋಕೆ ಬಿಡಲ್ಲ. ಅಪ್ಪ "ಸೊಪ್ಪು ಬಿಟ್ಟರೆ ಎಲ್ಲ ಸರಿಹೋಗುತ್ತೆ" ಅಂತಾರೆ. ಅಮ್ಮ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ಇದು ಗಾಂಜಾ ಮಾಡಿದ್ದೋ, ಮೊದಲೇ ಇದ್ದ ಕಾಯಿಲೆಯೋ? ಚಟ ಬಿಡಿಸುವ ಸೆಂಟರಿಗೆ ಸೇರಿಸಲಾ, ಮನೋವೈದ್ಯರ ಹತ್ತಿರ ಹೋಗಲಾ? ಪೊಲೀಸ್ ಕೇಸ್ ಆಗುತ್ತಾ ಅನ್ನೋ ಭಯವೂ ಇದೆ.

ತುಮಕೂರಿನ ಅಣ್ಣ

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. "ಗಾಂಜಾನೋ ಕಾಯಿಲೆನೋ" ಅಂತ ಜಗಳ ಆಡುತ್ತಲೇ ನಾವು ಹನ್ನೊಂದು ತಿಂಗಳು ಕಳೆದೆವು. ಅಪ್ಪನದು ಒಂದು ಪಾರ್ಟಿ, ಅಮ್ಮನದು ಒಂದು, ನಾನು ಗೂಗಲ್ ಪಾರ್ಟಿ. ಚಟ ಬಿಡಿಸುವ ಒಂದು ಸೆಂಟರಿಗೆ ಹೋದರೆ "ಇವನಿಗೆ ತಲೆ ಸರಿಯಿಲ್ಲ, ಮೊದಲು ಅದು ನೋಡಿಸಿ" ಅಂದರು. ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದರೆ "ಮೊದಲು ಗಾಂಜಾ ಬಿಡಿಸ್ಕೊಂಡು ಬನ್ನಿ" ಅಂದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ನಡುವೆ ನನ್ನ ತಮ್ಮ ಕೋಣೆ ಬಾಗಿಲು ಹಾಕಿಕೊಂಡು ಕೂತ.

ಕೊನೆಗೆ ದಾರಿ ತೋರಿಸಿದ್ದು ಅಮ್ಮನ ಹಾಲಿನ ಕ್ಯಾಲೆಂಡರ್. ತಮಾಷೆ ಅಲ್ಲ. ಅಡುಗೆಮನೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲಿ ಅಮ್ಮ ದಿನಾ ಹಾಲಿನ ಲೆಕ್ಕ ಬರೀತಾರೆ, ಅರ್ಧ ಲೀಟರ್, ಒಂದು ಲೀಟರ್ ಅಂತ. ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ "ರಾತ್ರಿಯಿಡೀ ಎದ್ದಿದ್ದ", "ಊಟ ಬೇಡ ಅಂದ", "ಟೀವಿ ಆಫ್ ಮಾಡಿಸಿದ" ಅಂತ ಬರೆದಿದ್ದರು. ಯಾರಿಗೂ ತೋರಿಸೋಕಲ್ಲ, ತನ್ನ ಸಮಾಧಾನಕ್ಕೆ. ಮೂರನೇ ಕಡೆ ಹೋದಾಗ ಡಾಕ್ಟರಮ್ಮ "ಯಾವಾಗಿನಿಂದ?" ಅಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅಮ್ಮ ಚೀಲದಿಂದ ಸುತ್ತಿದ ಕ್ಯಾಲೆಂಡರ್ ತೆಗೆದರು. ಡಾಕ್ಟರಮ್ಮ ಅದನ್ನು ಮೇಜಿನ ಮೇಲೆ ಬಿಡಿಸಿ, ಸುರುಳಿ ಆಗದಿರಲಿ ಅಂತ ಬಿಪಿ ಮೆಷಿನ್ ಇಟ್ಟು, ಬೆರಳಿಟ್ಟು ಒಂದೊಂದು ವಾರ ಓದಿದರು.

ತಮ್ಮ ದಸರಾ ರಜೆಗೆ ಊರಿಗೆ ಬಂದವನು ವಾಪಸ್ ಹೋಗಿರಲಿಲ್ಲ. ಊರಲ್ಲಿ ಅವನಿಗೆ ಮಾಲು ಸಿಗುವ ದಾರಿ ಇರಲಿಲ್ಲ. ಆದರೂ ಟೀವಿಯಲ್ಲಿ ತನ್ನ ಬಗ್ಗೆ ಹೇಳ್ತಾರೆ ಅಂತ ಶುರು ಮಾಡಿದ್ದು ಕಾರ್ತಿಕದ ಮೂರನೇ ಸೋಮವಾರದ ಹೊತ್ತಿಗೆ. ಅಂದರೆ ಬಿಟ್ಟು ತಿಂಗಳು ದಾಟಿದ ಮೇಲೆ. ಅವರು ಹೇಳಿದ್ದು ಇಷ್ಟು: ಗಾಂಜಾದಿಂದಲೇ ಬಂದ ಭ್ರಮೆ ಸಾಮಾನ್ಯವಾಗಿ ಬಿಟ್ಟ ಮೇಲೆ ದಿನಗಳಲ್ಲಿ, ವಾರಗಳಲ್ಲಿ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದೆ ಇದ್ದರೆ, ಇನ್ನೂ ಹೆಚ್ಚಾದರೆ, ಕಾಯಿಲೆ ತನ್ನ ಕಾಲ ಮೇಲೆ ನಿಂತಿದೆ ಅಂತ ಯೋಚಿಸಬೇಕು. ಹಾಗಂತ ಒಂದು ತಿಂಗಳು ಸುಮ್ನೆ ಕಾಯುತ್ತಾ ಕೂರಬಾರದು. ಮಾತ್ರೆ ಈಗಲೇ ಶುರು, ಲೇಬಲ್ ಆಮೇಲೆ. ಎರಡನ್ನೂ ಒಂದೇ ಕಡೆ, ಒಟ್ಟಿಗೆ ನೋಡಬೇಕು. ಆ ಒಂದು ಮಾತು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಸಾಕಿತ್ತು.

ಇನ್ನೊಂದು ಹೇಳಲೇಬೇಕು. ಮನೆಗೆ ಬಂದ ಮೂರನೇ ವಾರ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ್ದೆವು. ಪಾಸಿಟಿವ್ ಬಂತು. ಅಪ್ಪ "ಇನ್ನೂ ಕದ್ದು ಸೇದ್ತೀಯಾ" ಅಂತ ಕೈ ಎತ್ತಿದರು. ಅವನು ಸೇದಿರಲಿಲ್ಲ. ದಿನಾ ಸೇದಿದವರ ಮೈಯ ಕೊಬ್ಬಿನಲ್ಲಿ ಅದು ಉಳಿದು ಮೂರು ನಾಲ್ಕು ವಾರ ಕಾಣಿಸಿಕೊಳ್ಳಬಹುದು ಅಂತ ನಮಗೆ ಗೊತ್ತಿರಲಿಲ್ಲ. ಎಲ್ಲರೂ ತನ್ನ ವಿರುದ್ಧ ಇದ್ದಾರೆ ಅಂತ ಮೊದಲೇ ನಂಬಿದ್ದ ಹುಡುಗನಿಗೆ ಆ ಏಟು ಸಾಕ್ಷಿ ಆಯ್ತು. ಅಪ್ಪ ಇವತ್ತಿಗೂ ಆ ವಿಷಯ ಎತ್ತಿದರೆ ಎದ್ದು ಹಿತ್ತಲಿಗೆ ಹೋಗ್ತಾರೆ.

ಈಗ ಎರಡನೇ ವರ್ಷ. ಮಾತ್ರೆ ನಡೀತಿದೆ. ದಪ್ಪ ಆಗಿದ್ದಾನೆ, ಅದರದ್ದು ಅವನಿಗೆ ಬೇಜಾರು. ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂರ್ತಾನೆ. ಕಾಲೇಜಿನ ಮಾತು ನಾವಾಗಿ ಎತ್ತಲ್ಲ.

ಯಾರೋ ಒಬ್ಬರು

ಸುಮ್ನೆ ಹೆದರಿಸ್ತೀರಲ್ಲ. ಗಾಂಜಾ ಗಿಡ ತಾನೆ? ನಮ್ಮಲ್ಲಿ ಸಾಧುಗಳು, ಅವಧೂತರು ತಲೆತಲಾಂತರದಿಂದ ಸೇದಿಲ್ವಾ? ಯಾದಗಿರಿ ಕಡೆ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಪ್ರಸಾದವಾಗಿಯೇ ತಗೋತಾರೆ. ನಾನೂ ಹತ್ತು ವರ್ಷ ಸೇದಿದ್ದೀನಿ, ನನಗೇನೂ ಆಗಿಲ್ಲ. ಹೆಂಡ ಕುಡಿದು ಹಾಳಾದವರ ಲೆಕ್ಕ ಹಾಕಿ ಮೊದಲು.

ಲಂಡನ್‌ನಲ್ಲಿ ಮನೋರೋಗ ವಾರ್ಡಿನ ನರ್ಸ್, ಊರು ದಾವಣಗೆರೆ

ಮೇಲಿನ ಸಹೋದರರಿಗೆ: ನಿಮಗೆ ಏನೂ ಆಗಿಲ್ಲ, ನಂಬ್ತೀನಿ. ಸೇದುವ ಹೆಚ್ಚಿನವರಿಗೆ ಈ ಕಾಯಿಲೆ ಬರಲ್ಲ. ಹೆಂಡದ ಮಾತೂ ನಿಜ. ಏಮ್ಸ್ ಮಾಡಿದ ದೇಶದ ಸಮೀಕ್ಷೆ 2019ರಲ್ಲಿ ಬಂತು, ಅದರಲ್ಲಿ ಕುಡಿಯುವವರು ನೂರಕ್ಕೆ 14.6, ಗಾಂಜಾ ಭಂಗಿ ಬಳಸುವವರು 2.8. ಆದರೆ ಇಲ್ಲಿ ಪ್ರಶ್ನೆ ಆ ಹುಡುಗನದು, ನಿಮ್ಮದಲ್ಲ.

ಸ್ವೀಡನ್‌ನಲ್ಲಿ ಸೇನೆಗೆ ಸೇರುವ ವಯಸ್ಸಿನ 45 ಸಾವಿರಕ್ಕೂ ಹೆಚ್ಚು ಹುಡುಗರನ್ನು 15 ವರ್ಷ ಹಿಂಬಾಲಿಸಿ ನೋಡಿದರು, ಫಲಿತಾಂಶ 1987ರಲ್ಲಿ ಬಂತು. 18 ತುಂಬುವ ಹೊತ್ತಿಗೆ 50 ಸಲಕ್ಕಿಂತ ಜಾಸ್ತಿ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನಸ್ಸಿನ ಕಾಯಿಲೆ, ಆರು ಪಟ್ಟು ಕಂಡಿತು. "ಕಾಯಿಲೆ ಬರುವವರೇ ಮೊದಲು ಸೇದಿರಬಹುದಲ್ಲ" ಅಂತ ಆಗಲೂ ಕೇಳಿದರು. ಸರಿಯಾದ ಪ್ರಶ್ನೆಯೇ. ಆ ಕಡೆಯ ಎಳೆಯೂ ಇದೆ: ಕಳವಳ, ನಿದ್ದೆಗೇಡು ಶುರುವಾದವರು ಸಮಾಧಾನಕ್ಕೆ ಸೇದುತ್ತಾರೆ. ವಂಶದಲ್ಲಿ ಯಾರಿಗಾದರೂ ಇದ್ದರೆ ಅಪಾಯ ಹೆಚ್ಚು. 2019ರಲ್ಲಿ ಯುರೋಪಿನ ಹಲವು ಊರುಗಳ ಜೊತೆ ಬ್ರೆಜಿಲನ್ನೂ ಸೇರಿಸಿ ಇನ್ನೊಂದು ಅಧ್ಯಯನ ಬಂತು. ಅಮಲಿನ ಅಂಶ ನೂರಕ್ಕೆ 10ಕ್ಕಿಂತ ಜಾಸ್ತಿ ಇರುವ ಮಾಲನ್ನು ದಿನಾ ಸೇದುವವರಲ್ಲಿ ಇಂಥ ಕಾಯಿಲೆಯ ಸಾಧ್ಯತೆ ಸುಮಾರು ಐದು ಪಟ್ಟು. ಲಂಡನ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದು ಎದ್ದು ಕಂಡಿತು. ನನ್ನ ವಾರ್ಡಿನಲ್ಲಿ ಅದನ್ನು ದಿನಾ ನೋಡ್ತೀನಿ.

ಅಜ್ಜನ ಕಾಲದ ಚಿಲುಮೆ ಬೇರೆ, ಈಗ ಬೆಂಗಳೂರಿನ ಹುಡುಗರು "ಹೈಡ್ರೋ" ಅನ್ನುವುದು ಬೇರೆ. ಅದರಲ್ಲಿ ಅಮಲೇರಿಸುವ ಟಿಎಚ್‌ಸಿ ಎಷ್ಟೋ ಜಾಸ್ತಿ. ಅದಕ್ಕಿಂತ ಮುಖ್ಯ, ವಯಸ್ಸು. ಈ ಕಾಯಿಲೆ ತಲೆ ಎತ್ತುವುದೂ ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲೇ, ಹುಡುಗರು ಸೇದಲು ಕಲಿಯುವುದೂ ಅದಕ್ಕೆ ಸ್ವಲ್ಪ ಮುಂಚೆ. ಹಾಗಾಗಿ ಯಾವುದು ಯಾವುದನ್ನು ತಂದಿತು ಅಂತ ಒಬ್ಬ ಹುಡುಗನ ವಿಷಯದಲ್ಲಿ ಖಡಾಖಂಡಿತ ಹೇಳೋಕೆ ಹೆಚ್ಚಿನ ಸಲ ಆಗಲ್ಲ.

ಮಂಗಳೂರಿನಿಂದ, ಸೇದಿದವನು ನಾನೇ

ಎಲ್ಲರೂ ಮನೆಯವರ ಕಡೆಯಿಂದ ಹೇಳ್ತಿದ್ದೀರಿ, ನಾನು ಒಳಗಿನದು ಹೇಳ್ತೇನೆ.

ಶುರುವಿಗೆ ಅದು ಔಷಧಿಯ ಹಾಗೇ ಇತ್ತು. ಜನ ಇದ್ದಲ್ಲಿ ನನಗೆ ಎದೆ ಡವಡವ. ಎರಡು ದಮ್ ಎಳೆದರೆ ಸುಮ್ಮನಾಗ್ತಿತ್ತು. ಎರಡನೇ ವರ್ಷಕ್ಕೆ ಅದೇ ದಮ್ಮು ಉಲ್ಟಾ ಹೊಡೀತು. ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದೆ. ಕಂಡಕ್ಟರು "ಸುರತ್ಕಲ್, ಸುರತ್ಕಲ್" ಅಂತ ಕೂಗುತ್ತಿದ್ದ. ನನಗೆ ಅದು ಒಂದು ಸಂಕೇತ ಅಂತ ಖಾತ್ರಿ ಆಯ್ತು. ನನ್ನನ್ನು ಹಿಡಿಯುವವರಿಗೆ ಅವನು ಸುದ್ದಿ ಮುಟ್ಟಿಸ್ತಾ ಇದ್ದಾನೆ. ಈಗ ಬರೆಯುವಾಗ ನಗು ಬರುತ್ತೆ. ಆವತ್ತು ಬಸ್ಸು ಬಿಟ್ಟು ಉರಿಬಿಸಿಲಲ್ಲಿ ಒಳದಾರಿಗಳಲ್ಲೇ ಮನೆವರೆಗೆ ನಡೆದೆ. ಚಪ್ಪಲಿ ಕಿತ್ತುಹೋದದ್ದು ಮನೆಗೆ ಬಂದಮೇಲೆ ನೋಡಿದೆ.

ಅಮ್ಮ "ಅದೆಲ್ಲ ಸುಳ್ಳು ಮಗಾ" ಅಂತ ವಾದ ಮಾಡಿದಷ್ಟೂ ಅಮ್ಮನೂ ಅವರ ಕಡೆ ಅನ್ನಿಸ್ತಿತ್ತು. ಕೆಲಸಕ್ಕೆ ಬಂದದ್ದು ಮಾವನ ಮಾತು. ಅವರು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. "ನಿನಗೆ ನಿದ್ದೆ ಇಲ್ಲ ಅಲ್ವಾ, ನಿದ್ದೆಗೆ ಏನಾದರೂ ಕೇಳೋಣ ಬಾ" ಅಂದರು. ನಿದ್ದೆಗೆ ಅಂತ ಹೋದೆ. ಅಕ್ಕಾ, ನಿಮ್ಮ ತಮ್ಮನಿಗೂ ಹಾಗೇ ಹೇಳಿ ನೋಡಿ. ಸುಳ್ಳೇನಲ್ಲ ಅದು.

ನನಗೆ ಮೂರು ವಾರದಲ್ಲಿ ಇಳಿಯಿತು. ಗಾಂಜಾದ್ದೇ ಅಂದರು, ಸಂಭ್ರಮ. ಎಂಟು ತಿಂಗಳು ಆರಾಮ ಇದ್ದು ಗೆಳೆಯನ ಮದುವೆಯ ಹಿಂದಿನ ರಾತ್ರಿ ಒಂದೇ ಒಂದು ಅಂತ ಸೇದಿದೆ. ಎರಡೇ ದಿನದಲ್ಲಿ ಕಂಡಕ್ಟರು ವಾಪಸ್ ಬಂದ. ಆಮೇಲೆ ಡಾಕ್ಟರು ಹೇಳಿದ್ದು: ಡೆನ್ಮಾರ್ಕಿನಲ್ಲಿ ಹೀಗೆ ಗಾಂಜಾದಿಂದ ಬುದ್ಧಿಭ್ರಮೆ ಆದವರನ್ನು ಇಪ್ಪತ್ತು ವರ್ಷದ ದಾಖಲೆಯಲ್ಲಿ ನೋಡಿದರೆ, ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಮುಂದೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಕುಸಿಯುವ ಕಾಯಿಲೆ) ಅಂತ ಆಗಿದೆ. "ಗಾಂಜಾದ್ದೇ" ಅಂದರೆ "ಏನಿಲ್ಲ ಬಿಡು" ಅಂತ ಅರ್ಥ ಅಲ್ಲ ಅಂತ ನನಗೆ ಆಗ ತಲೆಗೆ ಹೋಯ್ತು. ಈಗ ನಾಲ್ಕು ವರ್ಷ ಆಯ್ತು ಮುಟ್ಟದೆ.

ಬಿಟ್ಟ ಮೊದಲ ಎರಡು ವಾರ ಸಿಡಿಮಿಡಿ, ಬೆವರು, ಹಸಿವಿಲ್ಲ, ಕೆಟ್ಟ ಕನಸು. ಅದರಿಂದ ಜೀವಕ್ಕೇನೂ ಆಗಲ್ಲ. ಆದರೆ ದಿನಾ ಕುಡಿಯುವ ಅಭ್ಯಾಸವೂ ಇದ್ದರೆ ಅದನ್ನು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು, ಡಾಕ್ಟರಿಗೆ ಹೇಳಿಯೇ ಬಿಡಿಸಿ.

ಕಲಬುರಗಿಯ ತಾಯಿ

ತಂಗಿ, ನಾವು ಗಾಣಗಾಪುರಕ್ಕ ಹೋಗಿ ಬಂದೀವಿ, ದರ್ಗಾಕ್ಕ ಹೋಗೀವಿ. ದೇವರನ್ನ ಬಿಡು ಅಂತ ನಾ ಹೇಳಂಗಿಲ್ಲ. ತಾಯತ ಇರ್ಲಿ, ಗುಳಿಗಿನೂ ಇರ್ಲಿ. ನಿಮ್ಮ ಅವ್ವನ ಜೋಡಿ ಜಗಳಕ್ಕ ನಿಲ್ಲಬ್ಯಾಡ, ಆಕಿನ್ನೂ ದವಾಖಾನಿಗೆ ಕರಕೊಂಡು ಹೋಗು. ಆದ್ರ ಕಟ್ಟಿ ಹಾಕೂದು, ಹೊಡಿಯೂದು, ಮೆಣಸಿನಕಾಯಿ ಹೊಗಿ ಹಾಕೂದು ಯಾರೇ ಅಂದ್ರೂ ಬ್ಯಾಡ. ನನ್ನ ಮಗನ್ನ ಒಂದು ಸೆಂಟರಿನ್ಯಾಗ ಮೂರು ತಿಂಗಳು ಬಿಟ್ಟಿದ್ದಿವಿ, ಭೇಟಿಗಿ ಬಿಡ್ತಿರಲಿಲ್ಲ. ಕರಕೊಂಡು ಬಂದಾಗ ಮುಂಗೈ ಮ್ಯಾಲ ಹಗ್ಗದ ಗುರುತು. ಭೇಟಿಗಿ ಬಿಡಂಗಿಲ್ಲ ಅನ್ನೂ ಕಡೆ ಮಗನ್ನ ಬಿಡಬ್ಯಾಡ.

ತಾಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ ಆಗಿದ್ದವರು

ಕಲಬುರಗಿಯ ಅಮ್ಮ ಹೇಳಿದ್ದು ಕಾನೂನಿನಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರಪಳಿ ಹಾಕುವಂತಿಲ್ಲ. ಮಾದಕ ವಸ್ತುವಿನಿಂದ ಬಂದ ಮಾನಸಿಕ ತೊಂದರೆಯೂ ಅದೇ ಕಾಯ್ದೆಯಲ್ಲಿ ಕಾಯಿಲೆಯೇ. ಸೇರಿಸುವ ಮುಂಚೆ ನೋಂದಣಿ ಪತ್ರ ಕೇಳಿ, ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ಕೇಳಿ. ತಡವರಿಸಿದರೆ ವಾಪಸ್ ಬನ್ನಿ.

ಕೇಸ್ ಬಗ್ಗೆ: ಡಾಕ್ಟರಿಗೆ ನಿಜ ಹೇಳಿದರೆ ಪೊಲೀಸರಿಗೆ ಹೋಗುತ್ತೆ ಅಂತ ಎಷ್ಟೋ ಮನೆಯವರು ಗಾಂಜಾ ವಿಷಯವನ್ನೇ ಮುಚ್ಚಿಡುತ್ತಾರೆ. ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಅನ್ನುವುದು ಅದೇ ಕಾಯ್ದೆ ಕೊಟ್ಟ ಹಕ್ಕು. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ, ಸೇದಿದ್ದು ಅಥವಾ ಸ್ವಲ್ಪ ಇಟ್ಟುಕೊಂಡದ್ದರ ಕೇಸಿನಲ್ಲಿ, ವ್ಯಸನಿ ತಾನಾಗಿ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದರೆ ರಕ್ಷಣೆ ಕೊಡುವ 64ಎ ಕಲಂ ಇದೆ. ಮಾರಿದ ಕೇಸಿಗೆ ಅದು ಬರಲ್ಲ.

ಎಲ್ಲಿಗೆ ಅಂದರೆ: ಹಾಸನದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಮನೋರೋಗ ವಿಭಾಗಕ್ಕೆ ಹೋಗಿ. ತಾಲೂಕಿನಲ್ಲಿದ್ದರೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಒಂದು ಸಲ ವಿಚಾರಿಸಿಕೊಳ್ಳಿ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್, ಚಟಕ್ಕೂ ಮನಸ್ಸಿಗೂ ಒಂದೇ ಆವರಣದಲ್ಲಿ ನೋಡ್ತಾರೆ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ಉದ್ದ, ತಿಂಡಿ ಕಟ್ಟಿಕೊಳ್ಳಿ. ಹೋಗೋದಕ್ಕೆ ಮುಂಚೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಸಿಗ್ತಾರೆ. ಸಾಯುವ ಮಾತು ಬಂದರೆ, ಅಥವಾ ಆ ದನಿ "ಹೀಗೆ ಮಾಡು" ಅಂತ ಅಪ್ಪಣೆ ಕೊಡ್ತಿದೆ ಅಂದರೆ, ನಾಳೆ ಅನ್ನಬೇಡಿ. ಅದೇ ಹೊತ್ತಿಗೆ ಎಮರ್ಜೆನ್ಸಿಗೆ ಹೊರಡಿ.

ಒಂದು ಸಣ್ಣ ವಿಷಯ, ಯಾರೂ ಹೇಳಲ್ಲ. ಬೀಡಿ ಸಿಗರೇಟಿನ ಹೊಗೆ ಈ ಕಾಯಿಲೆಗೆ ಕೊಡುವ ಒಲಾಂಜಪೀನ್, ಕ್ಲೊಜಪೀನ್ ಥರದ ಮಾತ್ರೆಗಳನ್ನು ಮೈಯಿಂದ ಬೇಗ ಖಾಲಿ ಮಾಡಿಸುತ್ತೆ. ಹುಡುಗ ಸಿಗರೇಟು ಶುರು ಮಾಡಿದರೂ ಒಮ್ಮೆಗೇ ಬಿಟ್ಟರೂ ಡೋಸ್ ಏರುಪೇರಾಗುತ್ತೆ. ಬೈಯದೆ, ದಿನಕ್ಕೆ ಎಷ್ಟು ಅಂತ ಕೇಳಿ ಡಾಕ್ಟರಿಗೆ ಹೇಳಿ.

ಹಾಸನದ ಅಕ್ಕ, ಐದು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮಂಗಳೂರಿನ ಅಣ್ಣ ಹೇಳಿದ ಹಾಗೆ ನಿದ್ದೆಗೆ ಅಂತ ಕರೆದೆ. ಮೊದಲು ಬರಲ್ಲ ಅಂದ, ಮಾರನೇ ದಿನ ತಾನೇ ಶೂ ಹಾಕ್ಕೊಂಡು ನಿಂತಿದ್ದ. ಅಮ್ಮನೂ ಬಂದರು, ತಾಯತ ಬಿಚ್ಚಿಸಲಿಲ್ಲ. ಡಾಕ್ಟರು ಗಾಂಜಾ ಬಗ್ಗೆ ಕೇಳಿದಾಗ ಅಪ್ಪ ನೆಲ ನೋಡಿದರು, ತಮ್ಮನೇ ಎಲ್ಲ ಹೇಳಿದ. ಒಂಬತ್ತನೇ ಕ್ಲಾಸಿನಿಂದ ಅಂತ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾವ ಕಾಯಿಲೆ ಅಂತ ಈಗಲೇ ಹೇಳಲ್ಲ, ಆರು ವಾರ ನೋಡೋಣ ಅಂದಿದ್ದಾರೆ, ರಾತ್ರಿಗೆ ಒಂದು ಮಾತ್ರೆ. ಎರಡು ರಾತ್ರಿ ಮಲಗಿದ. ನಿನ್ನೆ ಮತ್ತೆ ಇಲ್ಲ.

ತುಮಕೂರಿನ ಅಣ್ಣಾ, ಕ್ಯಾಲೆಂಡರ್ ಶುರು ಮಾಡಿದ್ದೀನಿ. ಫ್ಯಾನ್ ಹಾಕಿಸಿಕೊಂಡ ದಿನಕ್ಕೆ ಒಂದು ಟಿಕ್. ಇಲ್ಲಿವರೆಗೆ ಒಂದೇ ಇದೆ.