ತಾರಸಿಯಿಂದ ಬಾಹ್ಯಾಕಾಶ ನಿಲ್ದಾಣದ ಫೋಟೋ: ಬರೀ ಬಿಳಿ ಗೆರೆ ಬರುತ್ತಿದೆ

ವಿಜಯನಗರ ತಾರಸಿ:
ಎಂಟಿಂಚಿನ ಡಾಬ್ಸೋನಿಯನ್ ಇದೆ, ಕೈಯಲ್ಲೇ ತಿರುಗಿಸುವ ದೂರದರ್ಶಕ. ಕಣ್ಣಿಟ್ಟು ನೋಡುವ ಐಪೀಸ್‌ಗೆ ಫೋನ್ ಕಟ್ಟಿ ಚಂದ್ರ, ಗುರು ಚೆನ್ನಾಗಿಯೇ ತೆಗೆಯುತ್ತೇನೆ. ಬಾಹ್ಯಾಕಾಶ ನಿಲ್ದಾಣ ಮಾತ್ರ ಬಿಳಿ ಗೆರೆ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿಬಂದಾಗಿನಿಂದ ಮಗಳದು ಒಂದೇ ಹಟ, "ರೆಕ್ಕೆ ಕಾಣಬೇಕು" ಅಂತ. ಅದರ ಸೌರಫಲಕಗಳಿಗೆ ಅವಳು ಹಾಗೆನ್ನುವುದು. ಮೋಟಾರ್ ಇಲ್ಲದೆ ಆಗುತ್ತದಾ? ಊರಿನ ಬೆಳಕೇ ತೊಂದರೆಯಾ?

ಹಳೇ ಕನ್ನಡಿ:
ಊರಿನ ಬೆಳಕನ್ನು ಸುಮ್ನೆ ಬೈಯಬೇಡಿ ಸಾರ್. ನಿಲ್ದಾಣದ ಮೇಲೆ ಬೀಳುವುದು ನೇರ ಬಿಸಿಲು. ಮೆಜೆಸ್ಟಿಕ್‌ನಲ್ಲಿ ನಿಂತರೂ ಕಾಣುತ್ತದೆ. ತೊಂದರೆ ಇರುವುದು ಎಕ್ಸ್‌ಪೋಷರ್‌ನಲ್ಲಿ. ಆಟೋದಲ್ಲಿ ಬಿಟ್ಟರೆ ಫೋನ್ ಕಪ್ಪು ಆಕಾಶ ನೋಡಿ ಶಟರ್ ತೆರೆದೇ ಇಡುತ್ತದೆ. ಅಷ್ಟರಲ್ಲಿ ಅದು ಓಡಿಹೋಗಿರುತ್ತದೆ. ನೆತ್ತಿಯ ಹತ್ತಿರ ಸೆಕೆಂಡಿಗೆ ಸುಮಾರು 1 ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರನಷ್ಟು! ಮ್ಯಾನುಯಲ್‌ಗೆ ಹಾಕಿ 1/1000 ಸೆಕೆಂಡ್ ಇಡಿ, ಇನ್ನೂ ಕಡಿಮೆಯಾದರೆ ಒಳ್ಳೆಯದು. ಮಂಕಾದರೆ ಪರವಾಗಿಲ್ಲ, ಬೆಳ್ಳಗೆ ಸುಟ್ಟುಹೋದರೆ ಏನೂ ಉಳಿಯಲ್ಲ.

ಮೋಟಾರ್ ಬೇಡ, ಕೈಯಲ್ಲೇ ತಳ್ಳಿ. ಗುರಿ ಹಿಡಿಯುವ ಪುಟ್ಟ ದುರ್ಬೀನು, ಅಂದರೆ ಫೈಂಡರ್, ಮಾತ್ರ ಕೂದಲೆಳೆಯಷ್ಟೂ ಆಚೀಚೆ ಇರಬಾರದು. ಫೋಕಸ್ ಮೊದಲೇ ಗುರುವಿನ ಮೇಲೆ ಮಾಡಿ, ನಾಬ್‌ಗೆ ಟೇಪ್ ಹಚ್ಚಿ. ಆಮೇಲೆ ಕಣ್ಣು ಫೈಂಡರ್‌ನಲ್ಲೇ ಇರಲಿ, ವಿಡಿಯೋ ಪಾಡಿಗೆ ವಿಡಿಯೋ ಓಡಲಿ. ಸಾವಿರಾರು ಫ್ರೇಮ್‌ನಲ್ಲಿ ನಾಲ್ಕೈದು ಗೆದ್ದರೆ ಹಬ್ಬ.

ನಿಲ್ದಾಣ ನಮ್ಮ ಮೇಲೆ ಹಾದುಹೋಗುವುದಕ್ಕೆ ಪಾಸ್ ಅಂತಾರೆ; ಹೆವನ್ಸ್ ಅಬೋವ್ ವೆಬ್‌ಸೈಟ್‌ನಲ್ಲಿ 60ರಿಂದ 75 ಡಿಗ್ರಿ ಎತ್ತರದ ಪಾಸ್ ನೋಡಿ. 30 ಡಿಗ್ರಿಗೆ ಇಳಿದರೆ ದೂರ ಜಾಸ್ತಿಯಾಗಿ ಗಾತ್ರ ಹೆಚ್ಚುಕಡಿಮೆ ಅರ್ಧ. ನೆಟ್ಟಗೆ ನೆತ್ತಿಗೇ ಬಂದರೆ ಡಾಬ್ಸೋನಿಯನ್ ಗಿರಕಿ ಹೊಡೆಯಬೇಕು, ಕೈಗೆ ಸಿಗಲ್ಲ. ಇನ್ನೊಂದು, ತಾರಸಿ ಕಾಂಕ್ರೀಟು ಸಂಜೆಯೆಲ್ಲ ಬಿಸಿ ಉಗುಳುತ್ತದೆ, ಚಿತ್ರ ಕುದಿಯುತ್ತದೆ. ನಾನಂತೂ ಬೆಳಗಿನ ಜಾವದ ಪಾಸ್‌ಗೇ ಅಲಾರಂ ಇಡುವುದು.

ವಿಜಯನಗರ ತಾರಸಿ:
ಆದರೂ 400 ಕಿ.ಮೀ. ಮೇಲಿರುವ ವಸ್ತು ಅಲ್ವಾ? ರೆಕ್ಕೆ ನಿಜಕ್ಕೂ ಕಾಣುತ್ತದಾ?

ಹಳೇ ಕನ್ನಡಿ:
ಅದರ ಉದ್ದ 109 ಮೀಟರ್. ಮೇಲೆ ಬಂದಾಗ ದೂರದರ್ಶಕದಲ್ಲಿ ಗುರುವಿನಷ್ಟೇ ಅಗಲ. ಗುರುವಿನ ಪಟ್ಟಿ ಕಂಡಿದ್ದರೆ ಇದೂ ಕಾಣುತ್ತದೆ. ಸೌರಫಲಕ ತುಸು ಕಿತ್ತಳೆ, ನಡುವಿನ ಭಾಗ ಬಿಳಿ. ಮಗಳಿಗೆ ಮೊದಲೇ ಹೇಳಿಡಿ, ಎಣಿಸಲಿ.

ಬನಶಂಕರಿ ಬಿಸಿಲು:
ಬೆಳಗಿನ ಜಾವ ಏಳುವುದು ನನ್ನ ಕೈಲಾಗಲ್ಲ, ಹಾಗಾಗಿ ಸೂರ್ಯನ ಮುಂದೆ ಹಾಯುವಾಗ ಹಿಡಿಯುತ್ತೇನೆ. ಅರ್ಧ ಸೆಕೆಂಡಿನ ಆಟ. ಕಾಣುವ ಹಾದಿಯ ಅಗಲ ಕೆಲವೇ ಕಿಲೋಮೀಟರ್, ಬನಶಂಕರಿಗೆ ಸಿಕ್ಕಿದ್ದು ಹೆಬ್ಬಾಳಕ್ಕೆ ಸಿಗದಿರಬಹುದು. ಸೋಲಾರ್ ಫಿಲ್ಟರನ್ನು ದೂರದರ್ಶಕದ ಬಾಯಿಗೇ ಕಟ್ಟಬೇಕು, ಐಪೀಸ್‌ಗಲ್ಲ. ಮಗು ಪಕ್ಕದಲ್ಲಿದ್ದರೆ ಫೈಂಡರನ್ನು ಬಿಚ್ಚಿ ಒಳಗಿಟ್ಟುಬಿಡಿ.