ಪದಚರ್ಚೆ: ಬೋರ್ಡಿಗೆ ‘ಮಾತಿನ ಚಿಕಿತ್ಸೆ’ ಎಂದು ಬರೆಸಬಹುದೇ?

ಮಂಡ್ಯದಿಂದ, ಕೇಳಿಕೆ

ಎಲ್ಲರಿಗೂ ನಮಸ್ಕಾರ. ಮನಸ್ಸಿನ ತೊಂದರೆ ಇರುವ ದೊಡ್ಡವರಿಗೆ ಕೂತು ಮಾತಾಡಿ ಮಾಡುವ ಚಿಕಿತ್ಸೆಗೆ ಹೆಸರು ಬೇಕು. ನಾಲ್ಕಡಿ ಅಗಲದ ಬೋರ್ಡು, ಎರಡೇ ಸಾಲು, ಗುರುವಾರ ಪೇಂಟರ್ ಬರುತ್ತಾರೆ. ‘ಮನೋಚಿಕಿತ್ಸೆ’ ಎಂದರೆ ಮನೋರೋಗದ ನೆನಪಾಗಿ ಜನ ಮೆಟ್ಟಿಲು ಹತ್ತುವುದಿಲ್ಲ. ‘ಕೌನ್ಸೆಲಿಂಗ್’ ಎಂದರೆ ಸಿಇಟಿ ಸೀಟಿನದೋ ಮೇಷ್ಟ್ರುಗಳ ವರ್ಗಾವಣೆಯದೋ ಅಂದುಕೊಳ್ಳುತ್ತಾರೆ. ‘ವಯಸ್ಕರಿಗಾಗಿ’ ಎಂದರೆ ಸಿನಿಮಾ ಪೋಸ್ಟರಿನ ಹಾಗೆ ಕೇಳುತ್ತದೆ. ‘ಮಾತಿನ ಚಿಕಿತ್ಸೆ’ ಆದೀತೇ? ಮೊದಲ ಸಲ ಬಂದವರ ಕೈಗೆ ಕೊಡುವ ಒಂದು ಹಾಳೆಯೂ ಕನ್ನಡಕ್ಕೆ ಬರಬೇಕು. ಅದರಲ್ಲಿ ‘ಸೆಷನ್’, ‘ಕ್ಲೈಂಟ್’, ‘ಹೋಂವರ್ಕ್’, ‘ಥಾಟ್ ರೆಕಾರ್ಡ್’ (ತಲೆಗೆ ಬಂದ ಯೋಚನೆ, ಆದ ಭಾವನೆಗಳನ್ನು ಬಂದವರೇ ಬರೆದಿಡುವ ಪಟ್ಟಿ) ಇವಕ್ಕೆ ಪದ ಸಿಕ್ಕಿಲ್ಲ.

ಸರಸ್ವತಿಪುರಂನಿಂದ

ಆಗುವುದಿಲ್ಲ. ಈ ಸೀಮೆಯಲ್ಲಿ ‘ಮಾತಿನ ಚಿಕಿತ್ಸೆ’ ಅಂದರೆ ಸ್ಪೀಚ್ ಥೆರಪಿ. 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಮಗುವಿಗೆ ಮಾತು ತಡವಾದರೆ, ತೊದಲಿದರೆ, ಲಕ್ವ ಹೊಡೆದು ಮಾತು ಬಿದ್ದುಹೋದರೆ ಮಂಡ್ಯದವರು ಬಸ್ಸು ಹತ್ತುವುದು ಅಲ್ಲಿಗೇ. ನಿಮ್ಮ ಬೋರ್ಡು ನೋಡಿ ತೊದಲುವ ಮಗುವನ್ನು ಎತ್ತಿಕೊಂಡು ಬರುತ್ತಾರೆ. ‘ಆಪ್ತಸಮಾಲೋಚನೆ’ ಚಾಲ್ತಿಯಲ್ಲಿದೆ, ಸರ್ಕಾರಿ ಆಸ್ಪತ್ರೆಗಳ ಬಾಗಿಲ ಮೇಲೂ ಇದೆ. ಅದನ್ನೇ ಬರೆಸಿ.

ಒಂಟಿಕೊಪ್ಪಲಿನಿಂದ

‘ಆಪ್ತ’ ಖಂಡಿತ ಬೇಡ. ಆಪ್ತ ಸಹಾಯಕ, ಆಪ್ತ ಕಾರ್ಯದರ್ಶಿ ಎಂದು ಆ ಪದ ವಿಧಾನಸೌಧದ ಪಾಲಾಗಿದೆ. ಅರ್ಥದಲ್ಲೂ ತಪ್ಪು. ಚಿಕಿತ್ಸೆ ಕೊಡುವವರು ಆಪ್ತರಾಗಕೂಡದು. ಮದುವೆಗೆ ಕರೆಯುವ, ಕೈಸಾಲ ಕೇಳುವ ಸಲುಗೆ ಬೆಳೆದ ದಿನವೇ ಅಲ್ಲಿಯ ಕೆಲಸ ಕೆಟ್ಟಿತು.

‘ಚಿಕಿತ್ಸೆ’ಯನ್ನು ಮಾತ್ರ ಬಿಡಬೇಡಿ. ಅದು ಸಂಸ್ಕೃತದ ‘ಕಿತ್’ ಧಾತುವಿಗೆ ‘ಸನ್’ ಎಂಬ ಪ್ರತ್ಯಯ ಹತ್ತಿ ಬಂದ ರೂಪ, ಪಾಣಿನಿಯ ವ್ಯಾಕರಣದ 3.1.5ನೇ ಸೂತ್ರ. ಕಿತ್ ಎಂದರೆ ಕಾಣು, ಗಮನಿಸು. ಗುಳಿಗೆ, ಸೂಜಿ ಯಾವುದೂ ಆ ಪದದೊಳಗಿಲ್ಲ, ಗಮನಕೊಡುವುದಷ್ಟೇ ಇದೆ. ಗ್ರೀಕಿನ ‘ಥೆರಪಿ’ಗೂ ಮೂಲದಲ್ಲಿ ಪಕ್ಕದಲ್ಲಿದ್ದು ಸೇವೆ ಮಾಡುವುದೆಂದೇ ಅರ್ಥ. ಇದಕ್ಕಿಂತ ಒಪ್ಪುವ ಪದ ಬೇರೊಂದಿಲ್ಲ.

ಶ್ರೀರಂಗಪಟ್ಟಣದಿಂದ

ಕಿತ್ತು ಗಿತ್ತು ಯಾಕೆ? ಕನ್ನಡದಲ್ಲೇ ‘ಆರಯ್’ ಎಂಬ ಬೇರಿದೆ. ಹುಡುಕಿ ನೋಡು, ಕಾಪಾಡಿ ನೋಡಿಕೊ ಎಂಬ ಎರಡೂ ಹುರುಳು ಅದರಲ್ಲಿವೆ. ‘ಮಾತಾರಯ್ಕೆ’ ಎನ್ನಿ. ಇಲ್ಲವೇ ‘ಮಾತುಮದ್ದು’. ಎರಡೂ ಒರೆಗಳನ್ನು ಓದು ಬಾರದ ಅಜ್ಜಿಯೂ ತಡವರಿಸದೆ ಹೇಳುತ್ತಾಳೆ. ನುಡಿಯರಿಗ ಡಿ.ಎನ್. ಶಂಕರ ಬಟ್ಟರು ತೋರಿಸಿಕೊಟ್ಟದ್ದು ಇದನ್ನೇ, ಕನ್ನಡದ ಬೇರುಗಳಿಂದ ಒರೆ ಕಟ್ಟಬಹುದು ಎಂದು.

ಸರಸ್ವತಿಪುರಂನಿಂದ

‘ಮದ್ದು’! ಹಳೇ ಮೈಸೂರಲ್ಲಿ ‘ಮದ್ದು ಹಾಕಿದ್ದಾರೆ’ ಅಂದರೆ ಅನ್ನದಲ್ಲಿ ಮಾಟದ ಮದ್ದು ಇಟ್ಟಿದ್ದಾರೆ ಎಂದರ್ಥ. ಮಂಕಾದವರನ್ನು ಮದ್ದು ತೆಗೆಸಲು ಕರೆದೊಯ್ಯುವವರು ಇಂದಿಗೂ ಇದ್ದಾರೆ. ಅದೇ ಜನರಿಗೆ ಈ ಬೋರ್ಡು.

ಕುವೆಂಪುನಗರದಿಂದ

ಬೇರುಗಳನ್ನು ಸ್ವಲ್ಪ ಬದಿಗಿಟ್ಟು ಒಳಗೆ ನಡೆಯುವ ಕೆಲಸ ನೋಡೋಣ. ವಾರಕ್ಕೊಮ್ಮೆ 45ರಿಂದ 50 ನಿಮಿಷ, ಸಾಮಾನ್ಯವಾಗಿ 12ರಿಂದ 16 ವಾರ. ಬಂದವರು ಮಲಗಿ ಆರೈಕೆ ಮಾಡಿಸಿಕೊಳ್ಳುವುದಿಲ್ಲ, ಅರ್ಧಕ್ಕರ್ಧ ಕೆಲಸ ಅವರೇ ಮಾಡಬೇಕು. ಬಾಣಂತಿಗೆ ಒಪ್ಪುವ ‘ಆರೈಕೆ’ ಇಲ್ಲಿ ಒಪ್ಪದಿರುವುದು ಅದಕ್ಕೇ.

ಹೋಂವರ್ಕನ್ನು ‘ಮನೆಗೆಲಸ’ ಮಾಡಬೇಡಿ, ಪಾತ್ರೆ ತೊಳೆಯುವುದಾಗುತ್ತದೆ. ‘ಮನೆಯಲ್ಲಿ ಮಾಡುವ ಅಭ್ಯಾಸ’ ಸಾಕು. ಕ್ಲೈಂಟಿಗೆ ‘ಕಕ್ಷಿದಾರ’ ಕೋರ್ಟಿನ ಪದ. ಹಾಳೆಯ ಉದ್ದಕ್ಕೂ ‘ನೀವು’ ಎಂದೇ ಬರೆದರೆ ಆ ಪ್ರಶ್ನೆಯೇ ಬರುವುದಿಲ್ಲ.

ನಿಜವಾದ ತೊಡಕು ಥಾಟ್ ರೆಕಾರ್ಡಿನದು. ‘ಯೋಚನೆ ಪಟ್ಟಿ’ ಎಂದಿರೋ, ನಮ್ಮ ಕಡೆ ಯೋಚನೆ ಅಂದರೆ ಚಿಂತೆ. ‘ಯೋಚ್ನೆ ಮಾಡ್ಬೇಡವ್ವ’ ಅನ್ನುವುದಿಲ್ಲವೇ? ಸಾಲ, ಮಗಳ ಮದುವೆ, ಬೋರ್‌ವೆಲ್ ಎಂದು ಚಿಂತೆಗಳನ್ನು ಸಾಲಾಗಿ ಬರೆದು ತರುತ್ತಾರೆ. ‘ಏನನ್ನಿಸಿತು?’ ಎಂದು ಕೇಳಿದರೆ ಇನ್ನೂ ಕಷ್ಟ. ‘ಅನ್ನಿಸು’ ಎಂಬ ಒಂದೇ ಕ್ರಿಯಾಪದ ಯೋಚನೆಗೂ ಭಾವನೆಗೂ ದುಡಿಯುತ್ತದೆ. ‘ನನ್ನನ್ನ ಯಾರೂ ಲೆಕ್ಕಕ್ಕೇ ಇಡಲ್ಲ ಅಂತ ಬೇಜಾರಾಯ್ತು’ ಎಂದು ಎರಡನ್ನೂ ಒಂದೇ ಕಲಮಿನಲ್ಲಿ ತುಂಬುತ್ತಾರೆ. ಇವೆರಡನ್ನು ಬಿಡಿಸುವುದೇ ಆ ಹಾಳೆಯ ಉದ್ದೇಶ. ಬಿಡಿಸದಿದ್ದರೆ ಮುಂದಿನ ಹೆಜ್ಜೆ ಕೂಡುವುದಿಲ್ಲ, ಏಕೆಂದರೆ ‘ಯಾರೂ ಲೆಕ್ಕಕ್ಕಿಡಲ್ಲ’ ಎಂಬುದಕ್ಕೆ ಪುರಾವೆ ಕೇಳಬಹುದು, ಬೇಜಾರಿಗೆ ಪುರಾವೆ ಕೇಳಲಾಗದು. ಕೇಳಿದರೆ ಬಂದವರಿಗೆ ಅವಮಾನ.

ಕನ್ನಡವೇ ಇದಕ್ಕೆ ದಾರಿ ಇಟ್ಟಿದೆ. ‘ಅಂತ’ಕ್ಕೆ ಮುಂಚೆ ಬಂದದ್ದು ಯೋಚನೆ, ‘ಆಯ್ತು’, ‘ಬಂತು’ಗಳಿಗೆ ಅಂಟಿಕೊಂಡದ್ದು ಭಾವನೆ. ‘ಅಂತ’ದ ಹತ್ತಿರ ಒಂದು ಗೆರೆ ಎಳೆದರೆ ವಾಕ್ಯ ತಾನಾಗಿ ಎರಡು ಕಲಮಾಗುತ್ತದೆ. ತಲೆಬರಹಗಳು ಹೀಗಿರಲಿ: ‘ಎಲ್ಲಿ, ಯಾವಾಗ?’, ‘ತಲೆಯೊಳಗೆ ಯಾವ ಮಾತು ಓಡಿತು?’, ‘ಏನಾಯ್ತು: ಭಯವೋ, ಸಿಟ್ಟೋ, ಬೇಜಾರೋ? ನೂರಕ್ಕೆ ಎಷ್ಟು?’ ಆಮೇಲೆ ಆ ಮಾತು ನಿಜ ಎನ್ನಲು ಏನಿದೆ, ಅಲ್ಲ ಎನ್ನಲು ಏನಿದೆ, ಈಗ ಅದನ್ನು ಹೇಗೆ ಹೇಳಿಕೊಳ್ಳಬಹುದು. ‘ಸಂಕಟ’, ‘ಎದೆ ಡವಡವ’ ಇವಕ್ಕೆ ‘ಮೈಗೆ ಏನಾಯ್ತು?’ ಎಂದು ಬೇರೆ ಕಲಮು ಕೊಡಿ. ಸಂಕಟ ನಮ್ಮಲ್ಲಿ ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು.

ಮೊದಲ ಸಲ ಬಂದವರಿಗೆ ಕೊಡುವ ಹಾಳೆಯ ಮೊದಲ ಸಾಲಲ್ಲೇ ‘ಇಲ್ಲಿ ಬುದ್ಧಿ ಹೇಳುವುದಿಲ್ಲ’ ಎಂದು ಬರೆಯಿರಿ. ಗಂಡನನ್ನೋ ಮಗನನ್ನೋ ಎಳೆತಂದು ‘ಸ್ವಲ್ಪ ಬುದ್ಧಿ ಹೇಳಿ ಸಾರ್’ ಎನ್ನುವುದು ತುಂಬ ಇದೆ. ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬುದನ್ನೂ ಸೇರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮು ಅದನ್ನು ಹಕ್ಕೆನ್ನುತ್ತದೆ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳಲ್ಲಿ ಬೇರೆಯವರಿಗೆ ತಿಳಿಸಬೇಕಾದೀತು, ಅದನ್ನೂ ಅಲ್ಲೇ ಹೇಳಿಬಿಡಿ.

ಬೋರ್ಡಿಗೆ: ‘ಮನಸ್ಸಿನ ತೊಂದರೆಗೆ ಮಾತುಕತೆಯ ಚಿಕಿತ್ಸೆ’. ಮಾತು ಒಬ್ಬರದು, ಮಾತುಕತೆಗೆ ಇಬ್ಬರು ಬೇಕು. ಸ್ಪೀಚ್ ಥೆರಪಿಯ ಗೊಂದಲ ಅಲ್ಲಿಗೆ ಮುಗಿಯಿತು.

ಶ್ರೀರಂಗಪಟ್ಟಣದಿಂದ

ಎಲ್ಲ ಸರಿ, ‘ಚಿಕಿತ್ಸೆ’ ಅಲ್ಲೇ ಉಳಿಯಿತು. ಮನಸ್ಸು ನೊಂದವರನ್ನೂ ಕಡ ತಂದ ಒರೆಯಿಂದಲೇ ಕರೆಯಬೇಕೇ?

ಒಂಟಿಕೊಪ್ಪಲಿನಿಂದ

‘ಮನಸ್ಸು’ ಯಾವ ಭಾಷೆಯದು ಸ್ವಾಮಿ? ಆಸ್ಪತ್ರೆ, ದವಾಖಾನೆ, ವಕೀಲ, ಜಮೀನು ಎಲ್ಲ ಹೊರಗಿನವೇ. ಬಂದು ಮನೆಯವರಾದ ಮೇಲೆ ಜಾತಕ ಕೇಳಬಾರದು. ಇದೇ ಚಿಕಿತ್ಸೆಗೆ ಇಂಗ್ಲಿಷಿನಲ್ಲಿರುವ ‘ಟಾಕಿಂಗ್ ಕ್ಯೂರ್’ ಎಂಬ ಹೆಸರಿನ ಹುಟ್ಟು ನೋಡಿ. ವಿಯೆನ್ನಾದಲ್ಲಿ ಬ್ರಾಯರ್ ಎಂಬ ವೈದ್ಯರಿಂದ ಚಿಕಿತ್ಸೆ ಪಡೆಯುತ್ತಿದ್ದ ಜರ್ಮನ್ ಮನೆಮಾತಿನ ಹೆಣ್ಣುಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಅವಳ ಮಾತನ್ನೇ ಅಚ್ಚು ಹಾಕಿಸಿದರು. ಹೆಸರಿಟ್ಟದ್ದು ನೊಂದವಳು, ಅದೂ ಕಡ ತಂದ ಭಾಷೆಯಲ್ಲಿ.

ಶ್ರೀರಂಗಪಟ್ಟಣದಿಂದ

ಅವಳ ಬಾಯಿಗೆ ಬಂದದ್ದನ್ನು ಬರೆದುಕೊಂಡರು ಎಂದು ನೀವೇ ಹೇಳಿದಿರಿ. ಮಂಡ್ಯದವರ ಬಾಯಲ್ಲಿ ‘ಚಿಕಿತ್ಸೆ’ ಬರುತ್ತದೆಯೇ? ‘ತೋರಿಸ್ಕೊಂಡ್ ಬಂದೆ’ ಅನ್ನುತ್ತಾರೆ.

ಮಂಡ್ಯದಿಂದ

ಎಲ್ಲರಿಗೂ ಧನ್ಯವಾದ. ಪೇಂಟರಿಗೆ ಕಳಿಸಿದ್ದು ಇಷ್ಟು. ಮೇಲೆ ‘ಮನಸ್ಸಿನ ತೊಂದರೆಗೆ ಮಾತುಕತೆಯ ಚಿಕಿತ್ಸೆ’, ಕೆಳಗೆ ‘18 ವರ್ಷ ತುಂಬಿದವರಿಗೆ’. ಹಾಳೆಯಲ್ಲಿ ‘ಅಂತ’ದ ಗೆರೆಗೆ ಒಂದು ಉದಾಹರಣೆಯನ್ನೂ ಸೇರಿಸಿದೆ. ‘ಸೆಷನ್’ಗೆ ‘ಭೇಟಿ’ ಹಾಕಿದ್ದೇನೆ: ‘ಒಟ್ಟು 12 ಭೇಟಿ’.

ಶ್ರೀರಂಗಪಟ್ಟಣದಿಂದ

‘ಸಲ’ ಇರುವಾಗ ಅದೇಕೆ? ‘ವಾರಕ್ಕೆ ಒಂದು ಸಲ, ಒಟ್ಟು 12 ಸಲ.’

ಮಂಡ್ಯದಿಂದ

ತಿದ್ದಿದೆ.